ಪಾಕ ಬರುವ ತನಕ

ಅವತ್ತಿನ ರಗಳೆಗೆಲ್ಲ ಮೂಲ ‘ಸಾಕಾಗುವಷ್ಟು’ ಎಂಬ ಒಂದು ಮಾತು.

ಅಡುಗೆಮನೆಯ ಬೀರುವಿನ ಬಾಗಿಲಿನ ಒಳಬದಿಗೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಅಂಟಿಸಲಾಗಿತ್ತು. ಅದರ ಮೇಲೆ ಅಮ್ಮ ನೀಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು: ‘ಅಂಜೂರ, ಬೋಗುಣಿಯ ಅಂಚಿಗಿಂತ ನಾಲ್ಕು ಬೆರಳು ಕೆಳಗಿನ ತನಕ. ಸಕ್ಕರೆ, ಸಾಕಾಗುವಷ್ಟು. ನಿಂಬೆಹಣ್ಣು, ನೋಡಿಕೊಂಡು. ಸಣ್ಣ ಉರಿ. ಪಾಕ ಬರುವ ತನಕ ಕೈ ಬಿಡಬಾರದು.’

ಬೇರೆ ಯಾರಾದರೂ ಆಗಿದ್ದರೆ ಓದಿ, ತಲೆಯಾಡಿಸಿ, ಒಲೆ ಹಚ್ಚುತ್ತಿದ್ದರು. ಆದರೆ ಆ ಬೆಳಿಗ್ಗೆ ಬೀರುವಿನ ಮುಂದೆ ನಿಂತು ಅದನ್ನು ಏಳನೇ ಸಲ ಓದುತ್ತಿದ್ದವನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಇಪ್ಪತ್ತೇಳು ವರ್ಷದಿಂದ ಅಂಗಡಿಗಳ ತಕ್ಕಡಿ ಪರೀಕ್ಷೆ ಮಾಡಿ ಮುದ್ರೆ ಒತ್ತುತ್ತಾ ಬಂದವನು. ಬೀದಿಯವರು ಎದುರಿಗೆ ‘ಸಾಹೇಬ್ರೇ’ ಅನ್ನುತ್ತಿದ್ದರು, ಬೆನ್ನ ಹಿಂದೆ ‘ತಕ್ಕಡಿ’ ಅನ್ನುತ್ತಿದ್ದರು. ಮದುವೆಯ ವಿಷಯದಲ್ಲೂ ಹಾಗೇ ತೂಗಿ ನೋಡುತ್ತಾ ನೋಡುತ್ತಾ ಅವನಿಗೆ ಐವತ್ತೆರಡು ದಾಟಿತ್ತು.

“ಸಾಕಾಗುವಷ್ಟು ಅಂದ್ರೆ ಎಷ್ಟಮ್ಮಾ?” ಎಂದು ಅವನು ಕ್ಯಾಲೆಂಡರನ್ನೇ ಕೇಳಿದ.

ಅಮ್ಮ ಇದ್ದಿದ್ದರೂ ಉತ್ತರ ಬರುತ್ತಿರಲಿಲ್ಲ. “ಬೇಯ್ತಾ ಬೇಯ್ತಾ ಅದೇ ಹೇಳುತ್ತೆ ಕಣೋ” ಅನ್ನುತ್ತಿದ್ದಳು. ಅಂಜೂರ ಅವಳ ಹತ್ತಿರ ಮಾತಾಡುತ್ತಿತ್ತು. ಅವನ ಹತ್ತಿರ ಈ ತನಕ ತುಟಿ ಬಿಚ್ಚಿರಲಿಲ್ಲ.

ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಇದ್ದದ್ದು ಒಂದೇ ಅಂಜೂರದ ಮರ. ಮಳೆ ನಿಂತು ಬಿಸಿಲು ಎಳೆಯದಾಗುವ ಹೊತ್ತಿಗೆ ಅದು ಒಟ್ಟಿಗೇ ಹಣ್ಣಾಗುತ್ತಿತ್ತು. ಎರಡು ದಿನ ತಡವಾದರೆ ಗೊರವಂಕಗಳ ಪಾಲು. ಹಾಗಾಗಿ ವರ್ಷಕ್ಕೊಂದು ದಿನ ಮನೆಯಲ್ಲಿ ಬೇರೆ ಅಡುಗೆ ಇರುತ್ತಿರಲಿಲ್ಲ. ಅಮ್ಮ ಸೆರಗು ಸಿಕ್ಕಿಸಿ ತಾಮ್ರದ ಬೋಗುಣಿಯನ್ನು ಒಲೆಯ ಮೇಲಿಟ್ಟಳೆಂದರೆ ಸಂಜೆಯ ತನಕ ಅವಳು ಆ ಬೋಗುಣಿಯವಳು. ಜಾಮನ್ನು ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಮೇಲೆ ಚೀಟಿ ಅಂಟಿಸಿ ಅಟ್ಟಕ್ಕೆ ಏರಿಸುತ್ತಿದ್ದಳು. ಚಳಿ ಬಿದ್ದು ಕಿಟಕಿಯ ಗಾಜು ಮಬ್ಬಾಗುವ ತನಕ ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಚಳಿ ಬಿದ್ದ ಮೇಲೂ ಅದು ನೆಂಟರಿಗೆ, ಕಾಯಿಲೆಯವರಿಗೆ, ಬಾಣಂತಿಯರಿಗೆ. ಮಕ್ಕಳ ಬ್ರೆಡ್ಡಿನ ಮೇಲೆ ಕಾಣುತ್ತಿದ್ದದ್ದು ಅದರ ನೆರಳು.

ಮಕ್ಕಳ ನಿಜವಾದ ಪಾಲು ಬೇರೆಯೇ ಇತ್ತು. ಬಾಟಲಿ ತುಂಬಿದ ಮೇಲೆ ಅಮ್ಮ ಬೋಗುಣಿಯನ್ನು ನೆಲದ ಮೇಲಿಟ್ಟು ಎರಡು ಚಮಚ ಕೊಡುತ್ತಿದ್ದಳು. ಅವನೂ ಅಕ್ಕನೂ ಎದುರುಬದುರು ಕೂತು ತಳಕ್ಕೆ ಅಂಟಿದ್ದನ್ನು ಕೆರೆದು ತಿನ್ನಬೇಕು. ಶುರುವಾಗುವ ಮೊದಲು ಅಕ್ಕ ಚಮಚದ ಹಿಡಿಯಿಂದ ತಳದ ನಡುವೆ ಗೆರೆ ಎಳೆಯುತ್ತಿದ್ದಳು. ಆ ಗೆರೆ ಪ್ರತಿ ವರ್ಷವೂ ಅವನ ಕಡೆಗೆ ಎರಡು ಬೆರಳು ವಾಲುತ್ತಿತ್ತು. ಅವನು ದೊಡ್ಡವನಾಗಿ ತೂಕ ಅಳತೆಯ ಇಲಾಖೆಗೇ ಸೇರಿದ್ದಕ್ಕೆ ಆ ಗೆರೆಯೇ ಕಾರಣ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಅಮ್ಮ ಹೋಗಿ ಎರಡನೇ ವರ್ಷ ನಡೆಯುತ್ತಿತ್ತು. ಹೋಗುವ ಮೊದಲು ಮನೆ ಮಗನಿಗೆ, ಒಡವೆ ಮಗಳಿಗೆ ಎಂದು ಜಗಳವಿಲ್ಲದೆ ಹಂಚಿದ ಹೆಂಗಸು ಬೋಗುಣಿಯೊಂದನ್ನು ಮಾತ್ರ ತೂಗುಯ್ಯಾಲೆಯಲ್ಲಿ ಬಿಟ್ಟಿದ್ದಳು. “ಯಾರ ಕೈಲಿ ನನ್ನ ಥರದ್ದೇ ಜಾಮ್ ಬರುತ್ತೋ ಬೋಗುಣಿ ಅವರಿಗೆ” ಎಂದು ಹೇಳಿ ಕಣ್ಣು ಮುಚ್ಚಿದ್ದಳು. ಹೋದ ವರ್ಷ ಅಕ್ಕನ ಸರದಿ. ಇದೇ ಅಡುಗೆಮನೆಯಲ್ಲಿ ಅವಳು ಮಾಡಿದ ಜಾಮನ್ನು ಕೊನೆಗೆ ಲೋಟಕ್ಕೆ ಬಗ್ಗಿಸಿ ಕುಡಿಯಬೇಕಾಯಿತು. ಈ ವರ್ಷ ತಮ್ಮನ ಸರದಿ. ಅವನದ್ದೂ ಬರದಿದ್ದರೆ ಹಿರಿಯಳೆಂಬ ಹಕ್ಕಿನಲ್ಲಿ ಬೋಗುಣಿ ಅಕ್ಕನಿಗೆ ಎಂದು ಇಬ್ಬರೂ ಒಪ್ಪಿದ್ದರು. ಅಕ್ಕ ನಾಲ್ಕು ಗಂಟೆಯ ಬಸ್ಸಿಗೆ ಬಂದು ರುಚಿ ನೋಡಿ ಏಳರ ಬಸ್ಸಿಗೆ ವಾಪಸು ಹೋಗುವವಳು.

ಅಮ್ಮನ ಮಂಚ, ಅಮ್ಮನ ಕೊಡೆ, ಅಮ್ಮನ ಕನ್ನಡಕದ ಡಬ್ಬಿ ಎಲ್ಲ ಈ ಮನೆಯಲ್ಲೇ ಇದ್ದವು. ಆದರೂ ಬೋಗುಣಿ ಹೋದರೆ ಅಡುಗೆಮನೆಯಿಂದ ಅಮ್ಮನೇ ಹೋದ ಹಾಗೆ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಅದಕ್ಕೇ ರಜೆ ಹಾಕಿದ್ದ. ಇಪ್ಪತ್ತೇಳು ವರ್ಷದಲ್ಲಿ ಜ್ವರಕ್ಕಲ್ಲದೆ ಅವನು ಹಾಕಿದ ಮೊದಲ ರಜೆ ಅದು.

ಬೆಳಕು ಹರಿಯುವಾಗಲೇ ಹಣ್ಣು ಕಿತ್ತು, ಮನೆಯ ಹಿತ್ತಾಳೆಯ ತಕ್ಕಡಿಯಲ್ಲಿ ಒಂದೊಂದೇ ಕಿಲೋ ತೂಗಿದ. ಮೂರು ಕಿಲೋ ನೂರ ಹತ್ತು ಗ್ರಾಂ. ಎದುರಿನ ಬೇಕರಿಯಿಂದ ಎರಡು ಕಿಲೋ ಸಕ್ಕರೆಗೆ ಹೇಳಿ ಕಳಿಸಿದ್ದ. ಬೇಕರಿಯವನು ತಾನೇ ಪೊಟ್ಟಣ ಹಿಡಿದುಕೊಂಡು ಬಂದ. ಅವನ ಹಿಂದೆಯೇ ಪಕ್ಕದ ಮನೆಯ ರಿಟೈರ್ಡ್ ಟೀಚರಮ್ಮ ಬಂದರು. ಅವರ ಹಿಂದೆ ಮಹಡಿಯ ಮೇಲೆ ಬಾಡಿಗೆಗಿದ್ದ ಮುದಿ ಕಾಂಪೌಂಡರು ಇಳಿದು ಬಂದರು. ಯಾರನ್ನೂ ಕರೆದಿರಲಿಲ್ಲ. ಒಬ್ಬಂಟಿ ಗಂಡಸು ಜಾಮ್ ಮಾಡುತ್ತಾನೆ ಎಂಬ ಸುದ್ದಿಗೆ ಕರೆಯೋಲೆ ಬೇಕಾಗುವುದಿಲ್ಲ.

“ಸಕ್ಕರೆ ಹಣ್ಣಿನ ಸಮ ಇರ್ಬೇಕು ಸಾಹೇಬ್ರೇ. ಎರಡು ಕಿಲೋ ಯಾತಕ್ಕೂ ಆಗಲ್ಲ,” ಎಂದ ಬೇಕರಿಯವನು.

“ಸಮ ಹಾಕಿದ್ರೆ ಅದು ಜಾಮ್ ಅಲ್ಲ, ಶುಗರ್ ಕಾಯಿಲೆ. ಅರ್ಧ ಸಾಕು,” ಎಂದರು ಕಾಂಪೌಂಡರು. “ಮೊದಲು ಬಾಟಲಿ ಕುದಿಸಿದೀರಾ? ಬಾಟಲಿ ಕುದಿಸದೆ ಹಣ್ಣಿಗೆ ಕೈ ಹಾಕ್ಬಾರ್ದು.”

“ನಿಮ್ಮ ತಾಯಿ ಮೊದಲು ತೊಟ್ಟು ಬಿಡಿಸ್ತಿದ್ರು, ಆಮೇಲೆ ತೊಳೀತಿದ್ರು,” ಎಂದರು ಟೀಚರಮ್ಮ, ತಪ್ಪು ಲೆಕ್ಕದ ಪಕ್ಕ ನಿಂತವರ ಹಾಗೆ ಕೈ ಕಟ್ಟಿಕೊಂಡು. “ನೀವು ತೊಳೆದು ತೊಟ್ಟು ಬಿಡಿಸ್ತಿದೀರಿ. ನಾನೇನೂ ಹೇಳಲ್ಲ. ಹೇಳೋದು ನನ್ನ ಸ್ವಭಾವ ಅಲ್ಲ.”

‘ತಕ್ಕಡಿ’ ಸಾಹೇಬ ಯಾರ ಮಾತಿಗೂ ಎದುರಾಡಲಿಲ್ಲ. ಬಾಟಲಿ ಕುದಿಸಿದ, ತೊಟ್ಟು ಬಿಡಿಸಿದ, ನಿಂಬೆಹಣ್ಣು ‘ನೋಡಿಕೊಂಡು’ ಹಿಂಡಲು ಅದನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಬೇಕರಿಯವನು ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾರೆಂದು ಹೊರಟುಹೋದ. ಅವನು ಹೋದ ಮೇಲೆ ತಕ್ಕಡಿ ಸಕ್ಕರೆಯನ್ನು ಬೋಗುಣಿಗೆ ಸುರಿಯುವ ಮುನ್ನ, ಅಭ್ಯಾಸಬಲ, ಒಂದೊಂದೇ ಕಿಲೋ ತೂಗಿದ.

ಎರಡು ಕಿಲೋಗೆ ಇಪ್ಪತ್ತು ಗ್ರಾಂ ಕಡಿಮೆ.

ಅವನು ಸಕ್ಕರೆ ಸುರಿದ, ಉರಿ ಸಣ್ಣಗೆ ಮಾಡಿದ, ಮರದ ಸೌಟು ಹಿಡಿದು ತಿರುವತೊಡಗಿದ. ಹಣ್ಣು ನೀರು ಬಿಟ್ಟಿತು, ನೊರೆ ಬಂತು, ಕೆಂಪಾಯಿತು. ಅಡುಗೆಮನೆಯ ತುಂಬ ಹಳೆಯ ವಾಸನೆ ಏಳತೊಡಗಿತು. ಸ್ಕೂಲಿನಿಂದ ಬಂದು ಚೀಲ ಎಸೆದಾಗ ಮೂಗಿಗೆ ಬಡಿಯುತ್ತಿದ್ದದ್ದು ಇದೇ ವಾಸನೆ. ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಅಮ್ಮನ ಬಳೆಯ ಸದ್ದು ಕೇಳಿಸಬೇಕಿತ್ತು. ಆದರೆ ಅವನಿಗೆ ಕೇಳಿಸುತ್ತಿದ್ದದ್ದು ಇಪ್ಪತ್ತು ಗ್ರಾಂ. ಸೌಟು ಒಂದು ಸುತ್ತು ಬಂದಾಗ ಇಪ್ಪತ್ತು ಗ್ರಾಂ, ಇನ್ನೊಂದು ಸುತ್ತಿಗೆ ಇಪ್ಪತ್ತು ಗ್ರಾಂ. ತನ್ನದೇ ಬೀದಿಯಲ್ಲಿ, ತನ್ನ ಮನೆಯ ಎದುರಿಗೆ, ತಾನೇ ಮುದ್ರೆ ಒತ್ತಿದ ತಕ್ಕಡಿಯಲ್ಲಿ!

ಅರ್ಧ ಗಂಟೆ ತಡೆದುಕೊಂಡ. ಅದಕ್ಕಿಂತ ಹೆಚ್ಚು ತಡೆದುಕೊಳ್ಳುವುದು ಅವನಿಂದಾಗುವ ಕೆಲಸವಾಗಿರಲಿಲ್ಲ.

“ಒಂದೇ ನಿಮಿಷ. ಯಾರಾದ್ರೂ ಸ್ವಲ್ಪ ಕೈಯಾಡಿಸ್ತಿರಿ. ನಿಲ್ಲಿಸಬೇಡಿ,” ಎಂದು ಸೌಟನ್ನು ಗಾಳಿಯಲ್ಲೇ ಚಾಚಿದ. ಟೀಚರಮ್ಮನೂ ಕಾಂಪೌಂಡರೂ ಒಟ್ಟಿಗೇ ಕೈ ಹಾಕಿದರು. ಅವನು ಸೌಟು ಬಿಟ್ಟು, ಒಂದು ಕೈಯಲ್ಲಿ ಹಿತ್ತಾಳೆಯ ತಕ್ಕಡಿ, ಇನ್ನೊಂದು ಕೈಯಲ್ಲಿ ಇಲಾಖೆಯ ತೂಕದ ಬಟ್ಟುಗಳ ಚೀಲ ಹಿಡಿದು ರಸ್ತೆ ದಾಟಿದ.

ಬೇಕರಿಯಲ್ಲಿ ಆರೇಳು ಜನ ಗಿರಾಕಿಗಳಿದ್ದರು. ಅಷ್ಟು ಜನರ ಮುಂದೆಯೇ ಅವನು ಕೇಳಿದ: “ಏನಪ್ಪಾ, ನನ್ನ ಮನೆಗೇ ಕಡಿಮೆ ತೂಗಿ ಕೊಡ್ತೀಯಲ್ಲ? ಉಳಿದವರ ಗತಿ ಏನು?”

ಬೇಕರಿಯವನು ಕಟ್ಟುತ್ತಿದ್ದ ಪೊಟ್ಟಣವನ್ನು ಕೆಳಗಿಟ್ಟ. “ಸಾಹೇಬ್ರೇ, ನನ್ನ ತಾತನ ಕಾಲದಿಂದ ಈ ಅಂಗಡಿ ಇದೆ. ಒಂದು ಗ್ರಾಂ ಆಚೀಚೆ ಆಗಿಲ್ಲ.”

“ಆಗಿದೆ. ಇಪ್ಪತ್ತು ಆಗಿದೆ.”

ಪರೀಕ್ಷೆ ಶುರುವಾಯಿತು. ಬೇಕರಿಯ ತಕ್ಕಡಿಯಲ್ಲಿ ಇಲಾಖೆಯ ಬಟ್ಟು ಇಟ್ಟು ನೋಡಿದರು. ಮುಳ್ಳು ನೆಟ್ಟಗೆ ನಿಂತಿತು. ಅರ್ಧ ಕಿಲೋ, ಕಾಲು ಕಿಲೋ, ಐವತ್ತು ಗ್ರಾಂ, ಎಲ್ಲ ಇಟ್ಟು ನೋಡಿದರು. ಮುಳ್ಳು ಕದಲಲಿಲ್ಲ. ಬನ್ನು ಕೊಳ್ಳಲು ಬಂದವರು ಬನ್ನು ಮರೆತು ಸುತ್ತ ನಿಂತರು. ಇನ್‌ಸ್ಪೆಕ್ಟರನ ಹಣೆಯಲ್ಲಿ ಬೆವರು ಒಡೆಯಿತು. ಇಲಾಖೆಯ ಮರ್ಯಾದೆಯ ಪ್ರಶ್ನೆ. ಮತ್ತೆ ಮೊದಲಿನಿಂದ ಶುರು ಮಾಡಿದ.

ಕೊನೆಗೆ ಬೇಕರಿಯವನು ಅವನ ಹಿತ್ತಾಳೆಯ ತಕ್ಕಡಿಯನ್ನು ಎತ್ತಿ, ಬಟ್ಟು ಇಡುವ ತಟ್ಟೆಯನ್ನು ಮೆಲ್ಲನೆ ಮಗುಚಿದ. ತಟ್ಟೆಯ ಅಡಿಯಲ್ಲಿ ಬೆಳಿಗ್ಗೆ ತೂಗುವಾಗ ಜಜ್ಜಿಹೋದ ಅಂಜೂರದ ಒಂದು ಹೋಳು ಹಾಯಾಗಿ ಮೆತ್ತಿಕೊಂಡಿತ್ತು. ಅದನ್ನು ಬೆರಳಿನಿಂದ ಬಿಡಿಸಿ ತನ್ನ ತಕ್ಕಡಿಯಲ್ಲಿಟ್ಟ. ಹತ್ತು ಗ್ರಾಂ.

“ಕಿಲೋಗೆ ಹತ್ತು. ಎರಡು ಕಿಲೋಗೆ ಇಪ್ಪತ್ತು. ಸರಿಯಾಯ್ತಾ ಸಾಹೇಬ್ರೇ?” ಎಂದ. ಜೋರಾಗಿ ಹೇಳಲಿಲ್ಲ. ಸುತ್ತ ನಿಂತವರು ನಗಲಿಲ್ಲ, ಕೆಮ್ಮಿದರು. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಬೇಕರಿಯವನು ಮುಖ ತಿರುಗಿಸಿ ಗಿರಾಕಿಗಳಿಗೆ ಬನ್ನು ಕಟ್ಟತೊಡಗಿದ.

ಅವನ ಒಂದು ನಿಮಿಷಕ್ಕೆ ಅಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು.

ಆ ಮುಕ್ಕಾಲು ಗಂಟೆಯಲ್ಲಿ ಅಡುಗೆಮನೆಯಲ್ಲಿ ನಡೆದದ್ದು ಇಷ್ಟು. ಸೌಟನ್ನು ಬಲಕ್ಕೆ ತಿರುವಬೇಕು ಎಂದರು ಟೀಚರಮ್ಮ. ಔಷಧಿಯಾಗಲಿ ಜಾಮಾಗಲಿ ಎಡಕ್ಕೇ ತಿರುವಬೇಕು ಎಂದರು ಕಾಂಪೌಂಡರು. ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೇನೆ ಎಂದರು ಅವರು. ನಲವತ್ತೆರಡು ವರ್ಷ ಆಸ್ಪತ್ರೆಯಲ್ಲಿ ಮಿಕ್ಸ್ಚರ್ ಕಲಸಿದ್ದೇನೆ ಎಂದರು ಇವರು. “ಹಾಗಾದ್ರೆ ನೀವೇ ತಿರುವಿ” ಎಂದು ಟೀಚರಮ್ಮ ಹಿಂಬಾಗಿಲಿನಿಂದ ಹೋದರು. “ಅವರೇ ತಿರುವಲಿ” ಎಂದು ಕಾಂಪೌಂಡರು ಮುಂಬಾಗಿಲಿನಿಂದ ಮಹಡಿ ಹತ್ತಿದರು. ಸೌಟು ಬೋಗುಣಿಯ ನಡುವೆ ಒಂಟಿಯಾಗಿ ನಿಂತಿತು.

ತಕ್ಕಡಿ ಓಡಿ ಬಂದಾಗ ಅಡುಗೆಮನೆಯಲ್ಲಿ ಹೊಗೆ ತುಂಬಿತ್ತು. ಅರ್ಧ ಜಾಮು ಉಕ್ಕಿ ಒಲೆಯ ಮೇಲೆ, ನೆಲದ ಮೇಲೆ ಹರಿದಿತ್ತು. ಉಳಿದರ್ಧ ಬೋಗುಣಿಯ ತಳಕ್ಕೆ ಕಚ್ಚಿಕೊಂಡು, ಅಡಿಯಲ್ಲಿ ಕರಿ, ಮೇಲೆ ಕಗ್ಗಂದು, ಅಂಚಿನಲ್ಲಿ ಚಪ್ಪಲಿಯ ಅಟ್ಟೆಯ ಹಾಗೆ ಮುದುರಿಕೊಂಡಿತ್ತು. ಸೌಟು ಹಿಡಿದು ಎಳೆದರೆ ಬೋಗುಣಿಯೇ ಎದ್ದು ಬಂತು.

ಕಿಟಕಿಯಾಚೆಯಿಂದ ಟೀಚರಮ್ಮನ ದನಿ ಬಂತು: “ಏನೋ ಸೀದ ವಾಸನೆ ಬರ್ತಿದೆಯಲ್ಲ?”

“ಬೇಕರಿಯದ್ದು ಟೀಚರ್!” ಎಂದು ಅವನು ಅಲ್ಲಿಂದಲೇ ಕೂಗಿದ. ಒಂದೇ ದಿನ ಒಬ್ಬನೇ ಮನುಷ್ಯನ ಮೇಲೆ ಎರಡನೇ ಸುಳ್ಳು ಆಪಾದನೆ. ಬಾಯಿಂದ ಬಂದ ಮೇಲೆ ನಾಚಿಕೆಯಾಯಿತು, ಆದರೆ ಬಂದಾಗಿತ್ತು.

ಮರದಲ್ಲಿ ಉಳಿದದ್ದು ಐದು ಕಾಯಿ. ಗಂಟೆ ಒಂದಾಗಿತ್ತು. ಅವನು ಅಮ್ಮನ ಮಂಚದ ಮೇಲೆ ಕುಸಿದು ಕೂತ. ಅಕ್ಕ ಬರುತ್ತಾಳೆ, ಬೋಗುಣಿ ನೋಡುತ್ತಾಳೆ, ನಗುತ್ತಾಳೆ. ನಕ್ಕರೂ ಚಿಂತೆಯಿಲ್ಲ. ಬೋಗುಣಿಯನ್ನು ಮಡಿಲಿನಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಅದೊಂದು ಅವನಿಂದ ನೋಡಲಾಗದು.

ಆಗ ಅವನ ಕಣ್ಣು ಅಟ್ಟದ ಮೂಲೆಗೆ ಹೋಯಿತು.

ಈ ಸಂಗತಿ ಅವನೊಬ್ಬನಿಗೆ ಗೊತ್ತಿತ್ತು. ಅಮ್ಮ ಕೊನೆಯ ಸಲ ಮಾಡಿದ ಜಾಮಿನಲ್ಲಿ ಒಂದು ಬಾಟಲಿ ಉಳಿದಿತ್ತು. ಅವಳ ಹಳೆಯ ಶಾಲಿನಲ್ಲಿ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಅವನೇ ಇಟ್ಟಿದ್ದ. ಎರಡು ವರ್ಷದಲ್ಲಿ ಒಂದು ದಿನವೂ ಬಿಚ್ಚಿರಲಿಲ್ಲ. ಅಕ್ಕ ಕಳೆದ ವರ್ಷ ಕೇಳಿದ್ದಳು, “ಅಮ್ಮಂದು ಒಂದೂ ಉಳಿದಿಲ್ವೇನೋ? ಒಂದು ಚಮಚ ಸಿಕ್ಕಿದ್ರೂ ಸಾಕಿತ್ತು” ಎಂದು. “ಎಲ್ಲಾ ಖಾಲಿ” ಎಂದಿದ್ದ, ಕಣ್ಣು ತಪ್ಪಿಸಿ. ಸುಳ್ಳು ಹೇಳಿದ್ದು ಜಿಪುಣತನಕ್ಕಲ್ಲ. ಅದನ್ನು ತೆರೆದರೆ ಮುಗಿಯುತ್ತದೆ ಎಂಬ ಭಯಕ್ಕೆ.

ಈಗ ಇಳಿಸಿದ. ಮುಚ್ಚಳದ ಮೇಲಿನ ಚೀಟಿಯಲ್ಲಿ ನೀಲಿ ಪೆನ್ಸಿಲಿನ ಅಕ್ಷರ: ‘ಅಂಜೂರ. ಚಳಿಗೆ.’ ‘ಳಿ’ ಸ್ವಲ್ಪ ನಡುಗಿತ್ತು. ಆ ಸಲ ಬರೆಯುವಾಗ ಅಮ್ಮನ ಕೈ ಆಗಲೇ ನಡುಗುತ್ತಿತ್ತು. ಅವನು ಬಹಳ ಹೊತ್ತು ಆ ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದ.

“ನಿನ್ನ ಬೋಗುಣಿ ನಿನ್ನ ಮನೇಲೇ ಉಳೀಲಿ ಅಂತ ಕಣಮ್ಮಾ. ಬೇರೆ ಯಾತಕ್ಕೂ ಅಲ್ಲ,” ಎಂದು ಹೇಳಿ ಮುಚ್ಚಳ ತಿರುವಿದ. ಟಪ್ ಎಂದು ಗಾಳಿ ಬಿಟ್ಟುಕೊಂಡಿತು. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಹೊರಗೆ ಬಂದ ಹಾಗಾಯಿತು. ಒಂದು ಚಮಚ ರುಚಿ ನೋಡೋಣ ಎನಿಸಿತು. ನೋಡಿದರೆ ಆಮೇಲೆ ಯಾರಿಗೂ ಕೊಡಲಾಗುವುದಿಲ್ಲ ಎಂದು ಹಲ್ಲು ಕಚ್ಚಿ, ಕುದಿಸಿಟ್ಟ ಮೂರು ಚಿಕ್ಕ ಬಾಟಲಿಗಳಿಗೆ ಅದನ್ನು ತುಂಬಿದ. ಹೊಸದಾಗಿ ಮಾಡಿದ್ದರ ಹಾಗೆ ಕಾಣಲೆಂದು ಬಿಸಿನೀರಿನಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿದ. ಅಮ್ಮನ ಖಾಲಿ ಬಾಟಲಿಯನ್ನು ಶಾಲಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದ. ಸೀದ ಬೋಗುಣಿಗೆ ತಟ್ಟೆ ಮುಚ್ಚಿ ಅಮ್ಮನ ಮಂಚದ ಕೆಳಕ್ಕೆ ನೂಕಿದ. ಒಲೆ ಒರೆಸಿದ, ನೆಲ ಒರೆಸಿದ. ಗೆದ್ದೇ ಗೆಲ್ಲುತ್ತೇನೆ ಎಂಬುದರಲ್ಲಿ ಅವನಿಗೆ ಈಗ ಅನುಮಾನವೇ ಇರಲಿಲ್ಲ. ಅಮ್ಮನ ಥರದ್ದೇ ಜಾಮ್ ಬೇಕು ತಾನೆ? ಇದು ಅಮ್ಮನ ಥರದ್ದಲ್ಲ, ಅಮ್ಮನದ್ದೇ.

ನಾಲ್ಕೂಕಾಲಿಗೆ ಅಕ್ಕ ಬಂದಳು. ಚಪ್ಪಲಿ ಬಿಡುತ್ತಲೇ, “ಮೂರೇ ಬಾಟಲಿನಾ?” ಎಂದಳು.

“ಹಣ್ಣು ಕಡಿಮೆ ಈ ವರ್ಷ.”

“ತೂಗಿ ತೂಗಿ ಸವೆಸಿಬಿಟ್ಟೆಯೇನೋ. ಇರ್ಲಿ, ಒಬ್ಬಳೇ ತೀರ್ಪು ಹೇಳಿದ್ರೆ ಪಕ್ಷಪಾತ ಅಂತೀಯ. ಅಮ್ಮನ ಜಾಮ್ ತಿಂದವರನ್ನೆಲ್ಲ ಕರೀತೀನಿ.”

ಕರೆದಳು. ಟೀಚರಮ್ಮ ಬಂದರು. ಕಾಂಪೌಂಡರು ತಮ್ಮದೇ ಚಮಚ ತಂದರು. ಬೇಕರಿಯವನು ಬರುವುದಿಲ್ಲ ಎಂದವನು ಅಕ್ಕನ ಮುಖ ನೋಡಿ ಒಂದು ಬ್ರೆಡ್ಡಿನ ಸಮೇತ ಬಂದು ಬಾಗಿಲ ಬಳಿ ನಿಂತ. ತಕ್ಕಡಿ ಎಲ್ಲರ ತಟ್ಟೆಗೂ ಸಮನಾಗಿ ಬಡಿಸಿದ. “ನೀನು?” ಎಂದಳು ಅಕ್ಕ. “ಮಾಡಿದವನು ತಿನ್ನಬಾರದು,” ಎಂದ.

ಎಲ್ಲರೂ ಬ್ರೆಡ್ಡಿಗೆ ಬಳಿದು ಬಾಯಿಗಿಟ್ಟರು.

“ತಪ್ಪೇನಿಲ್ಲ,” ಎಂದರು ಟೀಚರಮ್ಮ. “ಹತ್ತಕ್ಕೆ ಆರು ಕೊಡಬಹುದು. ನಿಮ್ಮ ತಾಯೀದು ಹೀಗೆ ತೆಳ್ಳಗೆ ಇರ್ತಿರಲಿಲ್ಲ. ನಾನು ಬಲಕ್ಕೆ ತಿರುವಿದಷ್ಟು ಹೊತ್ತು ಸರಿಯಾಗಿತ್ತು. ಆಮೇಲೆ ಯಾರೋ ಎಡಕ್ಕೆ ತಿರುವಿದಾರೆ.”

“ತೆಳ್ಳಗಲ್ಲ, ಗಟ್ಟಿಯಾಯ್ತು,” ಎಂದರು ಕಾಂಪೌಂಡರು. “ಅವರದ್ದು ಗಂಟಲಲ್ಲಿ ಜಾರೋದು. ಪಾಪ, ಅವರಿಗೆ ಹದ ಗೊತ್ತಿತ್ತು.”

ಬೇಕರಿಯವನು ಬ್ರೆಡ್ಡಿನ ಚೂರು ನುಂಗಿ, ಗೋಡೆಯ ಕಡೆ ನೋಡುತ್ತಾ, “ಸಕ್ಕರೆ ಇಪ್ಪತ್ತು ಗ್ರಾಂ ಕಡಿಮೆ ಆಗಿದೆ,” ಎಂದ.

ತಕ್ಕಡಿಗೆ ಮೈಯೆಲ್ಲ ಉರಿಯಿತು. ಅಕ್ಕನ ಕಡೆ ತಿರುಗಿದ. ಅಕ್ಕ ಕಣ್ಣು ಮುಚ್ಚಿಕೊಂಡು ಎರಡನೇ ಚಮಚ ಬಾಯಲ್ಲಿಟ್ಟುಕೊಂಡಿದ್ದಳು. ಅಕ್ಕನಿಗೆ ಮೋಸವಾಗುವುದಿಲ್ಲ, ಅವಳು ಅದೇ ಹೊಟ್ಟೆಯಲ್ಲಿ ಹುಟ್ಟಿದವಳು.

ಅಕ್ಕ ಕಣ್ಣು ತೆರೆದಳು. “ಚೆನ್ನಾಗಿದೆ ಕಣೋ, ಪುಟ್ಟ. ಇಷ್ಟು ಮಾಡ್ತೀಯ ಅಂತ ಅಂದ್ಕೊಂಡಿರಲಿಲ್ಲ. ಆದ್ರೆ ಅಮ್ಮಂದಲ್ಲ.”

“ಸರಿಯಾಗಿ ನೋಡಕ್ಕ!”

“ನೋಡಿದೆ. ಎಲ್ಲಾ ಇದೆ, ಏನೋ ಒಂದಿಲ್ಲ. ಅಮ್ಮ ಇಷ್ಟು ನಿಂಬೆಹುಳಿ ಹಾಕ್ತಾನೇ ಇರ್ಲಿಲ್ಲ.”

“ಹಾಕ್ತಿದ್ಲು! ಅಮ್ಮನೇ...” ಎಂದು ಎದ್ದು ನಿಂತವನು ಅಲ್ಲೇ ನಿಂತ. ಮುಂದಿನ ಮಾತು ಹೇಳಿದರೆ ಗೆದ್ದುಬಿಡುತ್ತಿದ್ದ. ಆದರೆ ಅಮ್ಮನ ಕೊನೆಯ ಬಾಟಲಿಯನ್ನು ಅಕ್ಕನಿಂದ ಎರಡು ವರ್ಷ ಬಚ್ಚಿಟ್ಟದ್ದನ್ನೂ, ಒಂದು ಚಮಚಕ್ಕೆ ಅಂಗಲಾಚಿದವಳಿಗೆ ಖಾಲಿ ಎಂದದ್ದನ್ನೂ, ಈಗ ಅದನ್ನೇ ತನ್ನದೆಂದು ಬೀದಿಗೆಲ್ಲ ಹಂಚಿ ತಿನ್ನಿಸಿದ್ದನ್ನೂ ಹೇಳಬೇಕಾಗುತ್ತಿತ್ತು. ಕಾಂಪೌಂಡರು ಆಗಲೇ ಮೂರನೇ ಬಾಟಲಿಯ ಅಡಿ ಕೆರೆಯುತ್ತಿದ್ದರು.

“ಅಮ್ಮನೇ... ಏನು?” ಎಂದಳು ಅಕ್ಕ.

“ಅಮ್ಮನೇ ಹೇಳ್ಬೇಕಿತ್ತು,” ಎಂದು ಕೂತ.

ನೆರೆಯವರು ಬಾಯಿ ಒರೆಸಿಕೊಂಡು ಹೊರಟರು. ತೀರಿಹೋದವಳ ಕೈರುಚಿಯ ಬಗ್ಗೆ ಮೆಟ್ಟಿಲಿಳಿಯುವ ತನಕ ಅವರ ಮಾತು ಮುಗಿಯಲಿಲ್ಲ. ಮನೆಯಲ್ಲಿ ಅಕ್ಕ ತಮ್ಮ ಇಬ್ಬರೇ ಉಳಿದರು.

“ಬೇಜಾರು ಮಾಡ್ಕೋಬೇಡ. ಮಾತು ಮಾತೇ ಅಲ್ವಾ? ಬೋಗುಣಿ ಎಲ್ಲಿಟ್ಟಿದೀಯ?” ಎಂದಳು ಅಕ್ಕ.

“ಅದು... ತೊಳೆದಿಲ್ಲ ಅಕ್ಕ. ತೊಳೆದು ನಾಳೆ ನಾನೇ ತಂದುಕೊಡ್ತೀನಿ.”

“ನೀನು ಏನನ್ನಾದ್ರೂ ಬಚ್ಚಿಟ್ರೆ ಅಮ್ಮನ ಮಂಚದ ಕೆಳಗೇ ಇರುತ್ತೆ. ನಂಗೊತ್ತು,” ಎಂದು ಅಕ್ಕ ಬಗ್ಗಿ ಬೋಗುಣಿಯನ್ನು ದರದರ ಎಳೆದಳು. ತಟ್ಟೆ ತೆಗೆದಳು.

ತಕ್ಕಡಿ ಎರಡು ಹೆಜ್ಜೆ ಹಿಂದೆ ಸರಿದ. ಇನ್ನು ಎಲ್ಲ ಬಯಲಾಯಿತು ಎಂದುಕೊಂಡ. ಅಕ್ಕ ಕರಿ ತಳವನ್ನೇ ನೋಡುತ್ತಾ ಕೂತಿದ್ದಳು. ಆಮೇಲೆ ಕೈಯಲ್ಲಿದ್ದ ಚಮಚದಿಂದ ಅಂಚಿನ ಒಂದು ಕಡೆ ಕೆರೆದಳು. ಕರಕರ ಎಂದು ಒಂದು ಕಗ್ಗಂದು ಚೂರು ಎದ್ದು ಬಂತು. ಅದನ್ನು ಬಾಯಿಗಿಟ್ಟುಕೊಂಡಳು. ಅಗಿದಳು. ಅಗಿಯುತ್ತಾ ಅಗಿಯುತ್ತಾ ಅವಳ ಕಣ್ಣಿನಿಂದ ನೀರು ಇಳಿಯಿತು.

“ಪುಟ್ಟ,” ಎಂದಳು. “ಇನ್ನೊಂದು ಚಮಚ ತಗೊಂಬಾ.”

ಅವನು ತಂದ. ಅಕ್ಕ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಚಮಚದ ಹಿಡಿಯಿಂದ ತಳದ ನಡುವೆ ಗೆರೆ ಎಳೆದಳು. ಗೆರೆ ಅವನ ಕಡೆಗೆ ಎರಡು ಬೆರಳು ವಾಲಿತು. ಅವನು ತಕರಾರು ಮಾಡಲಿಲ್ಲ. ಎದುರಿಗೆ ಕೂತು ಕೆರೆದ. ಹೊರಗಡೆ ಸಿಹಿ, ಒಳಗಡೆ ಕಹಿ, ಹಲ್ಲಿಗೆ ಅಂಟುವ ಜಿಗುಟು, ಅಷ್ಟರ ನಡುವೆ ಅಂಜೂರದ ಬೀಜ ಕಟಕಟ. ಅಮ್ಮ ಹಿಂದಿನಿಂದ ಬಂದು “ಸಾಕು ಏಳಿ, ಬೋಗುಣಿ ತೂತಾಗುತ್ತೆ” ಎಂದು ಗದರುತ್ತಾಳೆ ಎನಿಸಿ ಇಬ್ಬರೂ ಒಮ್ಮೆ ಬಾಗಿಲ ಕಡೆ ನೋಡಿದರು. ನೋಡಿ ನಕ್ಕರು. ಐವತ್ತೆರಡರ ತಮ್ಮ, ಐವತ್ತೇಳರ ಅಕ್ಕ, ಇಬ್ಬರ ಬಾಯಿಯ ಸುತ್ತಲೂ ಮಸಿ.

“ಇದು ಕಣೋ ಅಮ್ಮಂದು,” ಎಂದಳು ಅಕ್ಕ. “ಇದೇ ಅಮ್ಮಂದು.”

ತಕ್ಕಡಿಯ ಎದೆಯಲ್ಲಿ ಆಸೆ ಮತ್ತೆ ಚಿಗುರಿತು. “ಹಾಗಾದ್ರೆ ಅಕ್ಕ... ನನ್ನ ಕೈಲೇ ಬಂತಲ್ಲ? ಬೋಗುಣಿ ನಂದಾಯ್ತಲ್ಲ?”

“ನಿನ್ನ ಕೈಲಿ ಎಲ್ಲಿ ಬಂತು?” ಅಕ್ಕ ಚಮಚ ನೆಕ್ಕಿದಳು. “ನಿನ್ನ ಕೈಯದ್ದು ಆ ಬಾಟಲೀಲಿತ್ತಲ್ಲ, ಎಲ್ಲರೂ ತಿಂದ್ವಲ್ಲ. ಅದರಲ್ಲಿ ಅಮ್ಮ ಎಲ್ಲಿದ್ಲು? ಒಂದೇ ಹಣ್ಣು, ಒಂದೇ ಸಕ್ಕರೆ. ಬಾಟಲಿಗೆ ಹೋದದ್ದು ಸಪ್ಪೆ, ಬೋಗುಣೀಲಿ ಉಳಿದದ್ದು ಅಮೃತ. ಅಂದ ಮೇಲೆ ರುಚಿ ಇರೋದು ಬೋಗುಣೀಲಿ. ನಿನ್ನ ಕೈಲೂ ಅಲ್ಲ, ನನ್ನ ಕೈಲೂ ಅಲ್ಲ. ಅದಕ್ಕೇ ಅಮ್ಮ ಇದನ್ನ ಹಂಚದೆ ಬಿಟ್ಟು ಹೋಗಿದ್ದು. ಇವತ್ತು ಅರ್ಥ ಆಯ್ತು.”

ತಕ್ಕಡಿ ಯೋಚಿಸಿದ. ಎಷ್ಟು ಯೋಚಿಸಿದರೂ ಬಾಟಲಿಯ ಜಾಮೂ ಬೋಗುಣಿಯ ಜಾಮೂ ಬೇರೆ ಬೇರೆ ಎಂದು ಹೇಳದೆ ಈ ವಾದವನ್ನು ಮುರಿಯುವ ದಾರಿ ಕಾಣಲಿಲ್ಲ. ತಲೆಯಾಡಿಸಿದ.

ಏಳರ ಬಸ್ಸಿಗೆ ಅವನೇ ಅಕ್ಕನನ್ನು ಹತ್ತಿಸಿದ. ಉಳಿದ ತಳ ಒಣಗದಿರಲೆಂದು ಒದ್ದೆ ಬಟ್ಟೆ ಮುಚ್ಚಿದ ಬೋಗುಣಿ ಅವಳ ಮಡಿಲಲ್ಲಿ ಕೂತಿತ್ತು. “ಮುಂದಿನ ವರ್ಷ ಹಣ್ಣು ತೂಗದೆ ತಗೊಂಬಾ. ಬೋಗುಣಿ ನನ್ನದು, ಮರ ನಿನ್ನದು, ತಳ ಇಬ್ಬರದ್ದೂ,” ಎಂದಳು ಕಿಟಕಿಯಿಂದ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಅವನು ಕೈ ಬೀಸಿದ.

ಬರುವ ದಾರಿಯಲ್ಲಿ ಬೇಕರಿಗೆ ಹೋಗಿ, ಗಿರಾಕಿಗಳಿರುವಾಗಲೇ, ತಪ್ಪು ತನ್ನದೆಂದು ಹೇಳಿದ. ಬೇಕರಿಯವನು ಒಂದು ಬನ್ನು ಕೊಟ್ಟ. ಸರಿಯಾಗಿ ತೂಗಿಯೇ ಕೊಟ್ಟ.

ಮ‌ನೆಗೆ ಬಂದು ಅಟ್ಟದಿಂದ ಅಮ್ಮನ ಖಾಲಿ ಬಾಟಲಿಯನ್ನು ಇಳಿಸಿದ. ತೊಳೆದಿಡೋಣ ಎಂದುಕೊಂಡವನಿಗೆ, ಭುಜದ ತಿರುವಿನಲ್ಲಿ ಚಮಚಕ್ಕೆ ಸಿಗದೆ ಒಂದಿಷ್ಟು ಅಂಟಿಕೊಂಡಿದ್ದು ಕಂಡಿತು. ಬಾಗಿಲು ಹಾಕಿದ. ದೀಪದ ಕೆಳಗೆ ಕೂತು, ಬೆರಳು ಹಾಕಿ ಅದನ್ನು ಬಳಿದುಕೊಂಡ. ಅಮ್ಮ ಈ ಲೋಕದಲ್ಲಿ ಬಿಟ್ಟುಹೋದ ಕೊನೆಯ ಬೆರಳಿನಷ್ಟು ಜಾಮು. ಕಣ್ಣು ಮುಚ್ಚಿಕೊಂಡು ಬಾಯಲ್ಲಿಟ್ಟುಕೊಂಡ. ಅವಸರ ಮಾಡಲಿಲ್ಲ. ಕರಗುವ ತನಕ ಕಾದ.

ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು.

ಆದರೆ ಅಮ್ಮ ಮಾಡುತ್ತಿದ್ದ ಹಾಗಿರಲಿಲ್ಲ.